ಹೆಡ್‌ಕ್ಲಾರ್ಕರ ಕೆಂಪು ಪೆನ್ಸಿಲು

ಮೊನ್ನೆ ಮೊಮ್ಮಗಳ ಪೆನ್ಸಿಲು ಕೆತ್ತಿಕೊಡುತ್ತಿದ್ದೆ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಇಂಥವು ಈಗಲೂ ಸಿಗುತ್ತವೆಂದು ನನಗೆ ಗೊತ್ತಿರಲಿಲ್ಲ. ಕೆಂಪು ತುದಿಯ ಸಿಪ್ಪೆ ಸುರುಳಿಯಾಗಿ ಬಿದ್ದು, ಮರದ ಮತ್ತು ಮೇಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಂಬಯಿಯ ಮುಲುಂಡಿನಲ್ಲಿರುವ ಈ ಅಡುಗೆಮನೆ ಮರೆತೇ ಹೋಯಿತು. ಫೋರ್ಟಿನ ಆ ಹಳೆಯ ಆಫೀಸು, ಮೂಲೆಯ ಮೇಜು, ಕಿರುಗುಡುವ ಫ್ಯಾನು, ಕಿವಿಗೆ ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡು ಕೂತ ನಮ್ಮ ಹೆಡ್‌ಕ್ಲಾರ್ಕರು…

ಎಪ್ಪತ್ತರ ದಶಕದ ಆರಂಭ ಅದು. ನಾನು ಮೆಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಯಂತ್ರದ ಬಿಡಿಭಾಗ ಮಾರುವ ಒಂದು ಕಂಪನಿಗೆ ಟೈಪಿಸ್ಟಾಗಿ ಸೇರಿದ್ದೆ. ನಾವು ಬೆಳಗಾವಿ ಕಡೆಯವರು, ಹೆಡ್‌ಕ್ಲಾರ್ಕರು ಧಾರವಾಡದವರು. ಇಡೀ ಆಫೀಸಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು.

ನಮ್ಮ ದೊಡ್ಡ ಸಾಹೇಬರ ಇಂಗ್ಲಿಷು ದೇವರಿಗೇ ಪ್ರೀತಿ! ಅವರು ಹೇಳಿದ್ದನ್ನು ನಾನು ಹಾಗೆಯೇ ಟೈಪು ಮಾಡುತ್ತಿದ್ದೆ. ಆ ಕರಡು ಹೆಡ್‌ಕ್ಲಾರ್ಕರ ಮೇಜಿಗೆ ಹೋಗುತ್ತಿತ್ತು. ಅವರು ತಿದ್ದಿಕೊಟ್ಟ ಮೇಲೆ ಮತ್ತೆ ಟೈಪು ಮಾಡಿ ಸಹಿಗೆ ಒಯ್ಯಬೇಕು. ‘ಡಿಸ್ಕಸ್ ಅಬೌಟ್’ ಕಂಡರೆ ‘ಅಬೌಟ್’ ಮೇಲೆ ಕೆಂಪು ಗೀಟು. ‘ಗೂಡ್ಸ್ ವಾಸ್ ಸೆಂಟ್’ ಕಂಡರೆ ಹಲ್ಲು ಕಡಿಯುತ್ತಿದ್ದರು.

“‘ರಿಟರ್ನ್’ ಅಂದ ಮ್ಯಾಲೆ ಮತ್ತ ‘ಬ್ಯಾಕ್’ ಯಾಕವಾ ತಂಗಿ? ವಾಪಸ್ ತಿರುಗಿ ಹಿಂದಕ್ಕ ಬಂದಾ ಅಂದಂಗಾತು!” ಎನ್ನುತ್ತಿದ್ದರು. ನನಗೆ ಬಂದಷ್ಟು ಇಂಗ್ಲಿಷು ಬಂದದ್ದು ಆ ಮೇಜಿನಿಂದಲೇ.

ಅವರ ಹೆಂಡತಿ ಧಾರವಾಡದಲ್ಲಿ ಶಾಲೆಯ ಟೀಚರು. ಒಬ್ಬಳೇ ಮಗಳು ತಾಯಿಯ ಹತ್ತಿರ. ಇವರಿಗೆ ಇಲ್ಲಿ ಮುಲುಂಡಿನ ಚಾಳಿನಲ್ಲಿ ನಾಲ್ಕಾರು ಗಂಡಸರ ಜೊತೆ ಒಂದು ಖೋಲಿ. ಕಂಪನಿಗೆ ಹುಬ್ಬಳ್ಳಿಯಲ್ಲಿ ಶಾಖೆಯಿತ್ತು. ಅಲ್ಲಿಗೆ ವರ್ಗವಾದರೆ ದಿನಾ ಮನೆಯಿಂದಲೇ ಓಡಾಡಬಹುದಿತ್ತು. ಪ್ರತಿವರ್ಷ ಅರ್ಜಿ ಹಾಕುತ್ತಿದ್ದರು. ಸಾಹೇಬರು ಪ್ರತಿಸಲ ನಗುತ್ತಿದ್ದರು.

“ಅರೇ ಬಾಬಾ, ತುಮ್ ಗಯಾ ತೋ ಮೇರಾ ಇಂಗ್ಲಿಷ್ ಕೌನ್ ದೇಖೇಗಾ?”

ನೀನು ಹೋದರೆ ನನ್ನ ಇಂಗ್ಲಿಷು ನೋಡುವವರು ಯಾರು ಎನ್ನುವುದು ಅವರ ಮಾತು. ಆಮೇಲೆ ನನ್ನನ್ನು ಕರೆದು, ಅರ್ಜಿ ತಿರಸ್ಕರಿಸಿದ ಪತ್ರ ಹೇಳಿ ಬರೆಸುತ್ತಿದ್ದರು. ಪದ್ಧತಿಯಂತೆ ಅದರ ಕರಡೂ ಹೋಗಬೇಕಾದದ್ದು ಹೆಡ್‌ಕ್ಲಾರ್ಕರ ಮೇಜಿಗೇ! ಮೊದಲ ಸಲ ಅದನ್ನು ಬೇರೆ ಕಾಗದಗಳ ಕೆಳಗೆ ಸೇರಿಸಿ ಅವರ ಮುಂದೆ ಇಟ್ಟೆ. ಅವರು ಪೂರ್ತಿ ಓದಿದರು. ಕಿವಿಯಿಂದ ಪೆನ್ಸಿಲು ಇಳಿಯಿತು. ಅಲ್ಲೊಂದು ಗೀಟು, ಇಲ್ಲೊಂದು ಅಕ್ಷರ. ನಾನು ಮತ್ತೆ ಟೈಪು ಮಾಡಿದೆ, ಸಾಹೇಬರು ಸಹಿ ಹಾಕಿದರು, ತಂದು ಅದೇ ಮೇಜಿನ ಮೇಲೆ ಇಟ್ಟೆ.

“ಇದನ್ನರ ಹಂಗ ಬಿಡಬೇಕಿತ್ತರಿ ಸರ್” ಎಂದೆ. ಅಳು ಬರುವುದೊಂದೇ ಬಾಕಿ.

“ತಪ್ಪು ಕಂಡ ಮ್ಯಾಲೆ ಹೆಂಗ ಬಿಡ್ಲಿ ತಂಗಿ? ಕೈ ಕೇಳಂಗಿಲ್ಲ.”

ಮರುವರ್ಷವೂ ಅದೇ ಕಥೆ. ನನಗೆ ತಡೆಯಲಾಗಲಿಲ್ಲ. ವಯಸ್ಸೂ ಅಂಥದ್ದು, ಬಾಯೂ ಜೋರು. “ಈ ಪೆನ್ಸಿಲೇ ನಿಮಗ ಬೇಡಿ ಹಾಕೇತ್ರಿ ಸರ್. ಒಂದ್ ತಿಂಗಳ ಏನೂ ತಿದ್ದಬ್ಯಾಡ್ರಿ. ಪತ್ರ ಹಂಗ ಹೋಗ್ಲಿ, ಗಿರಾಕಿಗಳು ಸಾಹೇಬ್ರ ಮಾನ ಕಳೀಲಿ. ನಿಮ್ಮಿಂದ ಉಪಯೋಗ ಇಲ್ಲ ಅಂತ ಅವರೇ ನಿಮ್ಮನ್ನ ಹುಬ್ಬಳ್ಳಿಗೆ ಓಡಸ್ತಾರ” ಎಂದೆ. “ಹುಚ್ಚಿ, ಹೋಗಿ ಕೆಲಸಾ ನೋಡು” ಎಂದು ಬೈದರು.

ಆದರೆ ಆ ದೀಪಾವಳಿಗೆ ಊರಿಗೆ ಹೋಗಿ ಬಂದವರ ಮುಖ ಇಷ್ಟಾಗಿತ್ತು. ಬಾಗಿಲಿಗೆ ಬಂದ ಅಪ್ಪನನ್ನು ಕಂಡು ಮಗಳು ಒಳಗೆ ಓಡಿ, “ಅವ್ವಾ, ಮುಂಬಯಿ ಮಾಮಾ ಬಂದ್ರು” ಎಂದಳಂತೆ. ಅಷ್ಟು ಹೇಳಿ ಪೆನ್ಸಿಲನ್ನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದರು.

ಅಯ್ಯೋ, ಆ ತಿಂಗಳು ಅವರು ಪಟ್ಟ ಪಾಡು! ಕರಡು ಓದುವಾಗ ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು. ತಪ್ಪುಗಳೆಲ್ಲ ಕಂಪನಿಯ ಮೊಹರಿನೊಂದಿಗೆ ಊರೂರಿಗೆ ಹೋದವು. ಟಪಾಲು ಬಂದಾಗಲೆಲ್ಲ ನಾವಿಬ್ಬರೂ ಬೈಗುಳ ಹುಡುಕುತ್ತಿದ್ದೆವು. ಬೈಗುಳವೂ ಇಲ್ಲ, ನಗುವೂ ಇಲ್ಲ. ಆರ್ಡರುಗಳು ಬಂದವು, ಚೆಕ್ಕುಗಳು ಬಂದವು. ಒಬ್ಬ ಗಿರಾಕಿಯಂತೂ ನಮ್ಮ ‘ರಿಟರ್ನ್ ಬ್ಯಾಕ್’ ಅನ್ನೇ ತನ್ನ ಉತ್ತರದಲ್ಲಿ ಬಳಸಿದ್ದ. ತಿಂಗಳ ಕೊನೆಗೆ ಸಾಹೇಬರು ಇವರ ಬೆನ್ನು ತಟ್ಟಿ, “ಬಾಬಾ, ತುಮ್ ಹೈ ತೋ ಮೇರೇಕೋ ಫಿಕರ್ ನಹೀ” ಎಂದರು, ನೀನಿರುವಾಗ ನನಗೇನು ಚಿಂತೆ ಎನ್ನುವಂತೆ.

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಸಂಜೆ ವಿ.ಟಿ. ಸ್ಟೇಷನ್ನಿಗೆ ನಡೆಯುವಾಗ ಮೆಲ್ಲಗೆ ಹೇಳಿದರು.

“ನಾ ತಿದ್ದಿದ್ದು ಯಾರಿಗೂ ಗೊತ್ತಿಲ್ಲ ತಂಗಿ, ಬಿಟ್ಟಿದ್ದೂ ಯಾರಿಗೂ ಗೊತ್ತಿಲ್ಲ. ಆದ್ರ ನನ್ನ ಮಾತ್ರ ಬಿಡಂಗಿಲ್ಲ ಇವರು…”

ಲೋಕಲ್ ರೈಲು ಬಂತು. ಅವರು ಗಂಡಸರ ಡಬ್ಬಿಯ ನೂಕುನುಗ್ಗಲಿನೊಳಗೆ ಹೋದರು. ಮರುದಿನ ಪೆನ್ಸಿಲು ಮತ್ತೆ ಕಿವಿಯ ಮೇಲಿತ್ತು. ಎಲ್ಲ ಮೊದಲಿನಂತೆಯೇ ನಡೆಯಿತು. ವರ್ಗಾವಣೆಯ ಅರ್ಜಿಯನ್ನು ಮಾತ್ರ ಅವರು ಆಮೇಲೆ ಬರೆಯಲಿಲ್ಲ.

ಮದುವೆಯಾಗಿ ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸು ಸೇರಿದೆ. ಬಹಳ ವರ್ಷಗಳ ಮೇಲೆ ಹಳೆಯ ಆಫೀಸಿನ ಜವಾನ ಮುಲುಂಡ್ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದ. ಹೆಡ್‌ಕ್ಲಾರ್ಕರು ನಿವೃತ್ತರಾಗಿ ಧಾರವಾಡಕ್ಕೆ ಹೋದರು ಎಂದ. ಸದ್ಯ, ಮನೆ ಸೇರಿದರಲ್ಲ ಎಂದು ಖುಷಿಯಾಗಿ ಮಗಳ ಬಗ್ಗೆ ಕೇಳಿದೆ. “ಉಸ್ಕಾ ಶಾದೀ ತೋ ಪೆಹಲೇಚ್ ಹೋ ಗಯಾ” ಎಂದ. ಅಪ್ಪ ಮನೆಗೆ ಬರುವ ಹೊತ್ತಿಗೆ ಮಗಳು ಗಂಡನ ಮನೆಗೆ ಹೋಗಿಯಾಗಿತ್ತು. ಆಮೇಲೆ ಅವರ ಸುದ್ದಿಯೇ ಇಲ್ಲ. ಈಗ ಇರಲಾರರು…

“ಅಜ್ಜೀ, ದೇಖೋ ನಾ, ಇದರಲ್ಲಿ ಮಿಸ್ಟೇಕ್ ಎಲ್ಲಿ ಇದೆ?” ಮೊಮ್ಮಗಳು ಇಂಗ್ಲಿಷ್ ಪುಸ್ತಕ ಮುಂದೆ ತಳ್ಳಿದಳು. ಕೆಂಪು ತುದಿಯಿಂದ ಒಂದೊಂದೇ ವಾಕ್ಯ ತಿದ್ದಿದೆ. ಪುಸ್ತಕದ ಹಿಂದಿನ ಉತ್ತರಗಳೊಂದಿಗೆ ತಾಳೆ ನೋಡಿ, “ಸಬ್ ಕರೆಕ್ಟ್! ನಿನಗೆ ಯಾರು ಕಲಿಸಿದ್ದು?” ಎಂದು ಕುಣಿದಳು.

ಅವರನ್ನು ಮನೆಗೆ ಬಿಡದ ಆ ಪತ್ರಗಳು ಕಣ್ಣ ಮುಂದೆ ಬಂದವು. ಒಂದರಲ್ಲೂ ಒಂದೇ ಒಂದು ತಪ್ಪಿರಲಿಲ್ಲ. ಟೈಪು ಮಾಡಿದವಳು ನಾನೇ.