ಸೀರೆಯ ಚೀಲ

ಶಿಡ್ಲಘಟ್ಟದ ನಮ್ಮ ಮನೆಗೆ ನೆಲದ ಕಲ್ಲು ಹಾಕಿದ ಮೇಸ್ತ್ರಿಯ ಬಳಿ ದೂಳು ಹೀರುವ ಹಳೆಯ ಮಿಷನ್ ಇತ್ತು. ಅದರೊಳಗಿನ ಚೀಲವನ್ನು ಹೆಂಡತಿಯ ಹಳೆ ಸೀರೆಯಲ್ಲಿ ಅವರೇ ಹೊಲಿದಿದ್ದರು. ಕಲ್ಲು ಕೊಯ್ಯುವ ಮುನ್ನ ಮಿಷನ್ ತಟ್ಟಿ, "ದೂಳೆಲ್ಲ ಇದರ ಹೊಟ್ಟೆಗೆ ಕಣಮ್ಮ" ಅನ್ನುತ್ತಿದ್ದರು.

ಆಗ ಪಕ್ಕದ ಕೋಣೆಯಲ್ಲಿ ರೇಷ್ಮೆಹುಳುಗಳಿದ್ದವು. ಸೊಪ್ಪಿನ ಮೇಲೆ ದೂಳು ಕೂತರೆ ಮೇವು ಬಿಡುತ್ತವೆ. ಅರ್ಧ ಕೆಲಸಕ್ಕೇ ಚೀಲ ಹರಿಯಿತು. ಮೇಸ್ತ್ರಿ ತಮ್ಮ ಮೂಗಿಗೆ ಕಟ್ಟಿದ್ದ ಟವೆಲ್ ಬಿಚ್ಚಿ ಚೀಲದ ಜಾಗಕ್ಕೆ ಬಿಗಿದರು. ಅಮ್ಮ ಅವರ ಮೂಗಿಗೆಂದು ಇನ್ನೊಂದು ಬಟ್ಟೆ ಕೊಟ್ಟರೆ, ಅದನ್ನೂ ಮಿಷನ್ನಿಗೇ ಸುತ್ತಿದರು.

"ನಂಗೆ ಅಭ್ಯಾಸ ಕಣಮ್ಮ. ಹುಳ ಎಲ್ಲಿ ತಡ್ಕೊಂತಾವೆ?"

ಸಂಜೆ ಆ ಕೋಣೆಯ ಬಾಗಿಲಿಗೆ ಕಿವಿಯಿಟ್ಟರು. ಉಕ್ಕಿ ಬಂದ ಕೆಮ್ಮನ್ನು ಅಂಗೈಯಲ್ಲಿ ಅದುಮಿಕೊಂಡು, ಹುಳುಗಳು ಸೊಪ್ಪು ಮೇಯುವ ಸರಸರ ಸದ್ದನ್ನು ಆಲಿಸಿದರು.

"ತಿಂತಾವೆ," ಎಂದು ಪಿಸುಗುಟ್ಟಿ, ಅಂಗಳಕ್ಕೆ ಹೋಗಿ ಕೆಮ್ಮಿದರು.