ಗಾಜಿಲ್ಲದ ಪಟ

ಬಣ್ಣದ ಸೀಮೆಸುಣ್ಣದ ಪುಡಿಯ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣಮುಂದೆ ನಿಲ್ಲುವುದು ಅಪ್ಪನ ಜೊತೆ ಕಳೆದ ಕೊನೆಯ ದಿನ. ಎಪ್ಪತ್ತರ ದಶಕದ ಒಂದು ಬೇಸಿಗೆ. ವಿಜಾಪುರದ ಗೋಳಗುಮ್ಮಟದ ಹತ್ತಿರ ಒಂದು ಶಾಲೆಯ ಪಡಸಾಲೆಯಲ್ಲಿ, ರಜೆಯಲ್ಲಿ, ಸೀಮೆಸುಣ್ಣದಂಥ ಪೇಸ್ಟಲ್ ಕಡ್ಡಿಗಳಿಂದ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ನಾನು ಟಿಕೋಟಾದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಅಪ್ಪನೂ ಬರುತ್ತಿದ್ದ. ಹೊಲದಲ್ಲಿ ಈಗ ಕೆಲಸವಿಲ್ಲ ಎಂದು ಊರವರಿಗೆ ಹೇಳಿದರೂ, ನಿಜವಾಗಿ ಅವನಿಗೆ ಚಿತ್ರದ ಮಾಸ್ತರರ ಮೇಲೆ ನಂಬಿಕೆ ಇರಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ಕೂತು, ಮಾಸ್ತರರು ಯಾರ ಹತ್ತಿರ ಬಗ್ಗಿದರೂ ತಾನೂ ಅಷ್ಟೇ ಬಗ್ಗಿ ನೋಡುತ್ತಿದ್ದ. ಅಂಥವರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅಂಗಡಿಯಿಂದ ತಂದ ಬೆಲ್ಲವನ್ನು ಮನೆಯ ತಕ್ಕಡಿಯಲ್ಲಿ ಮತ್ತೆ ತೂಗುವವರು, ಕಂಡಕ್ಟರ್ ಕೊಟ್ಟ ಟಿಕೀಟನ್ನು ಹಿಂದೆಮುಂದೆ ತಿರುವಿ ನೋಡುವವರು. ಅಪ್ಪ ಜೀವಮಾನದಲ್ಲಿ ತನ್ನ ಮುಖದ ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ. "ಮಾರಿ ಮಂದಿ ಕೈಯಾಗ ಸಿಕ್ಕರ ಮಾಟ ಮಾಡಾಕ ಮತ್ತೇನ್ ಬೇಕು?" ಎನ್ನುತ್ತಿದ್ದ.

ತರಗತಿಯ ಕೊನೆಯ ದಿನ ಮಾಸ್ತರರು ಎದುರಿಗೆ ಕೂತ ಮನುಷ್ಯನ ಮುಖ ಬರೆಯಬೇಕೆಂದರು. "ಯಜಮಾನ್ರ, ನೀವ ಬರ್ರಿ. ಹೆಂಗೂ ನಮ್ಮನ್ನ ಕಾಯಾಕ ಕುಂತೀರಿ," ಎಂದಾಗ ಹುಡುಗಿಯರೆಲ್ಲ ನಕ್ಕರು. ಅಪ್ಪ ನಗಲಿಲ್ಲ.

"ಬರಿಯಾವ್ರು ಯಾರು?"

"ನಿಮ್ಮ ಮಗಳ."

"ಹಂಗಿದ್ರ ಕುಂದರ್ತೀನಿ. ಉಳದವರು ಈ ಕಡೆ ನೋಡಬಾರದು ನೋಡ್ರಿ."

ಉಳಿದವರು ಮಡಕೆಯ ಚಿತ್ರ ಬರೆದರು. ಬೂದು ಬಣ್ಣದ ಒರಟು ಕಾಗದದ ಮೇಲೆ ನಾನು ಮಾಸ್ತರರು ಹೇಳಿದಂತೆ ಕಡ್ಡಿಯನ್ನು ಅಡ್ಡ ಮಲಗಿಸಿ ಮೊದಲು ಕತ್ತಲೆಯ ಭಾಗ ತುಂಬಿದೆ, ಆಮೇಲೆ ಬೆಳಕು. ಎರಡೂ ಕೂಡುವಲ್ಲಿ ಉಂಗುರದ ಬೆರಳಿನಿಂದ ಮೆಲ್ಲಗೆ ತಿಕ್ಕಿದೆ. ಉದುರಿದ ಪುಡಿಯನ್ನು ಬಾಯಿಂದ ಊದಬಾರದು, ಕಾಗದ ಎತ್ತಿ ಹಿಂದಿನಿಂದ ತಟ್ಟಬೇಕು. ಗಲ್ಲದ ಕೆಳಗಿನ ನೆರಳಿಗೆ ನೇರಳೆ ಹಚ್ಚಲು ಮಾಸ್ತರರು ಹೇಳಿದ್ದನ್ನು ಅಪ್ಪ ಕೇಳಿಸಿಕೊಂಡ. "ನೇರಳೆ ಹಚ್ಚಾಕ ನಾ ಏನ್ ಹೆಣ ಅದೀನೇನ್ರಿ?" ಎಂದು ಕಣ್ಣು ಕಿರಿದು ಮಾಡಿದ. ಆ ಕಣ್ಣನ್ನೇ ನಾನು ಬರೆದೆ. ಮುಗಿದ ಮೇಲೆ ಅಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿ, "ಯಾರೋ ಸಾಲ ಕೇಳಾಕ ಬಂದಾರ ಅನ್ನೋ ಹಂಗ ನೋಡಾಕತ್ತೇನಲ್ಲೇ," ಎಂದ. ಅವನ ಮೀಸೆಯ ತುದಿಯಲ್ಲಿ ನಗು ಇತ್ತು.

ಇದಕ್ಕೆ ಗಾಜು ಹಾಕಿಸಲೇಬೇಕು, ಬಣ್ಣ ಕಾಗದದ ಮೇಲೆ ಸುಮ್ಮನೆ ಕೂತಿದೆ ಅಷ್ಟೆ, ಎಂದು ಮಾಸ್ತರರು ಬಿಡಿಸಿ ಹೇಳಿದರು. ಆದರೆ ಪಟಗಳಿಗೆ ಗಾಜು, ಕಟ್ಟು ಹಾಕುವವನು ಒಂದು ವಾರ ಅಂಗಡಿಯಲ್ಲಿ ಬಿಟ್ಟುಹೋಗಿ ಎಂದದ್ದೇ ತಡ, ಅಪ್ಪ ಚಿತ್ರವನ್ನು ಅವನ ಕೈಯಿಂದ ತಕ್ಕೊಂಡುಬಿಟ್ಟ. "ನನ್ನ ಮಾರಿ ಇವನ ಅಂಗಡ್ಯಾಗ ಯಾಕ ಇರಬೇಕು?" ಬಸ್ಸಿನಲ್ಲಿ ಪಕ್ಕದವನಿಗೂ ಕಾಣದಂತೆ ಅದನ್ನು ಎದೆಯತ್ತ ತಿರುಗಿಸಿ, ಅಂಗಿಗೆ ತಾಗದ ಹಾಗೆ ಹಿಡಿದು ಕೂತಿದ್ದ.

ಮರುದಿನ ಬಬಲೇಶ್ವರಕ್ಕೆ, ತನ್ನ ತಂಗಿಯ ಮನೆಗೆ ಹೋದ. ಅಲ್ಲಿಯೇ ಎದೆನೋವು ಬಂದು ತೀರಿಕೊಂಡ.

ಮನೆಯಲ್ಲಿದ್ದದ್ದು ಅವನ ಅದೊಂದೇ ಮುಖ. ರಟ್ಟಿಗೆ ಅಂಟಿಸಿ ಅಜ್ಜನ ಪಟದ ಪಕ್ಕ ತೂಗುಹಾಕಿದೆವು. ಗಾಜು ಹಾಕಿಸೋಣವೆಂದರೆ ಆಯಿ, ಅಂದರೆ ಅಪ್ಪನ ತಾಯಿ, ಒಪ್ಪಲಿಲ್ಲ. "ಅಂಗಡ್ಯಾಗ ಬಿಡೂದು ಅಂವ ಬ್ಯಾಡ ಅಂದಾನ. ಅವನ ಮಾತ ಮೀರಬ್ಯಾಡ್ರಿ." ಅಮಾವಾಸ್ಯೆ ಬಂತು. ನಾನು ಅವ್ವನ ಜೊತೆ ನೀರಿಗೆ ಹೋಗಿದ್ದೆ. ಪ್ರತಿ ಅಮಾವಾಸ್ಯೆಯಂತೆ ಆಯಿ ದೇವರ ಪಟ, ಅಜ್ಜನ ಪಟ ಎಲ್ಲವನ್ನೂ ಒದ್ದೆ ಅರಿವೆಯಿಂದ ಒರೆಸಿ ವಿಭೂತಿ ಹಚ್ಚುತ್ತ ಬಂದಿದ್ದಳು. ನಾವು ಕೊಡ ಇಳಿಸುವ ಹೊತ್ತಿಗೆ ಅವಳು ಅರಿವೆ ಹಿಡಿದು ನಿಂತಿದ್ದಳು. ರಟ್ಟಿನ ಮೇಲೆ ಕಂದು, ನೇರಳೆ ಎಲ್ಲ ಕಲಸಿಹೋಗಿತ್ತು. "ಆ ಮಾಸ್ತರ ಮೋಸ ಮಾಡ್ಯಾನಬೇ," ಎಂದಳು ನನಗೆ. "ಕಚ್ಚಾ ಬಣ್ಣ ಕೊಟ್ಟಾನ." ಅವಳು ಇರುವ ತನಕ ಅದನ್ನೇ ನಂಬಿದ್ದಳು. ನಾವೂ ತಿದ್ದಲು ಹೋಗಲಿಲ್ಲ.

ಆ ಮನೆ ಈಗಿಲ್ಲ, ಆಯಿಯೂ ಅವ್ವನೂ ಇಲ್ಲ. ಅಪ್ಪನನ್ನು ಮತ್ತೆ ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಅನುಮಾನದ ಆ ಕಣ್ಣುಗಳು ಬರುತ್ತವೆ. ಮೂಗು, ಬಾಯಿ, ಗಲ್ಲ ನೆನಪಿಗೆ ಬರುವುದಿಲ್ಲ. ನನ್ನ ಅಪ್ಪನ ಮುಖ ನನ್ನ ಬಳಿ ಇಲ್ಲ.