ರಾಯಪ್ಪ ಚಿನ್ನಪ್ಪರ ಹಬ್ಬದ ಊಟ

ಸೊಸೆ ಹಾಸನದ ಪೇಟೆಯಿಂದ ಒಂದು ಕಟ್ಟು ಮುತ್ತುಗದ ಎಲೆ ತಂದಿದ್ದಳು. ಹಬ್ಬದ ದಿನವಾದರೂ ತಟ್ಟೆ ತೊಳೆಯುವುದು ತಪ್ಪಲಿ ಎಂಬುದು ಅವಳ ಲೆಕ್ಕ. ಒಣಗಿ ಗರಗರ ಎನ್ನುತ್ತಿದ್ದ ಎಲೆಗಳಿಗೆ ನೀರು ಚಿಮುಕಿಸಿ ಒರೆಸುತ್ತಾ ಕೂತೆ. ಮುದುಕಿಯರ ಪಾಲಿಗೆ ಮನೆಯಲ್ಲಿ ಉಳಿಯುವುದು ಇಂಥ ಕೆಲಸಗಳೇ ತಾನೆ. ಎಲೆ ನೆಂದು ಅದರ ಒಗರು ವಾಸನೆ ಮೂಗಿಗೆ ಬಂತು. ಅಷ್ಟರಲ್ಲಿ ಪೂಜೆ ಮುಗಿಸಿಕೊಂಡು ಬಂದ ಮೊಮ್ಮಗಳು ಚಪ್ಪಲಿ ಬಿಡುತ್ತಲೇ ಹೇಳಿದಳು: "ಅಜ್ಜಿ, ರಾಯಪ್ಪ ಚಿನ್ನಪ್ಪ ಇಬ್ರೂ ಪ್ರಾಣಸ್ನೇಹಿತರಂತೆ. ಅದಕ್ಕೇ ಇಬ್ರಿಗೂ ಒಂದೇ ದಿನ ಹಬ್ಬ ಅಂತ ಸ್ವಾಮಿಯವರು ಹೇಳಿದ್ರು."

ನನಗೆ ನಗು ಬಂತು. ನಗುವಿನ ಹಿಂದೆಯೇ, ಇಷ್ಟು ವರ್ಷಗಳ ಮೇಲೂ, ಒಂದು ಹಳೆಯ ಹಬ್ಬದ ಊಟ ನೆನಪಾಯಿತು.

ನಮ್ಮವರಲ್ಲದ ಓದುಗರಿಗೆ ಒಂದು ಮಾತು ಹೇಳಬೇಕು. ಬೇರೆ ಕಡೆ ಪೇತ್ರ, ಪೌಲ ಎಂದು ಕರೆಯುವ ಸಂತರನ್ನು ನಮ್ಮ ಸೀಮೆಯ ಕ್ರೈಸ್ತರು ತಲೆತಲಾಂತರದಿಂದ ರಾಯಪ್ಪ, ಚಿನ್ನಪ್ಪ ಎಂದೇ ಕರೆದುಕೊಂಡು ಬಂದಿದ್ದಾರೆ. ಚರ್ಚು ನಮಗೆ ಗುಡಿ, ಪಾದ್ರಿ ನಮಗೆ ಸ್ವಾಮಿ. ಹೆಸರು ಕೇಳಿದರೆ ಸಂತೆಯಲ್ಲಿ ಜೋಡೆತ್ತು ಮಾರಲು ಬಂದ ಅಣ್ಣತಮ್ಮಂದಿರೇನೋ ಅನ್ನಿಸಬೇಕು. ಇಬ್ಬರೂ ರೋಮಿನಲ್ಲಿ ಪ್ರಾಣ ಕೊಟ್ಟವರು. ಜೂನ್ ತಿಂಗಳ ಕೊನೆಗೆ, ರಾಗಿ ಬಿತ್ತನೆಯ ಗಡಿಬಿಡಿಯ ನಡುವೆ, ಇಬ್ಬರಿಗೂ ಸೇರಿ ಒಂದು ಹಬ್ಬ.

ಕಟ್ಟಾಯದ ಕಡೆಗೆ ಹೋಗುವ ಗಾಡಿದಾರಿಯ ಮೇಲಿತ್ತು ನಮ್ಮೂರು. ನಮ್ಮಪ್ಪನ ಹೆಸರು ರಾಯಪ್ಪ, ಚಿಕ್ಕಪ್ಪನ ಹೆಸರು ಚಿನ್ನಪ್ಪ. ಹಾಗೆ ಹೆಸರಿಟ್ಟವಳು ನಮ್ಮಜ್ಜಿ. ಭಕ್ತಿಯಿಂದ ಎಂದು ಅವಳು ಹೇಳುತ್ತಿದ್ದಳು. ಇಬ್ಬರು ಮಕ್ಕಳ ಹೆಸರಿನ ಹಬ್ಬವನ್ನು ಒಂದೇ ಕುರಿಯಲ್ಲಿ ಮುಗಿಸಬಹುದಲ್ಲ ಎಂಬ ಯೋಚನೆಯೂ ಇತ್ತೆಂದು ನನ್ನ ಅನುಮಾನ. ಚಿಕ್ಕಪ್ಪ ಸ್ವಾಮಿಯಾಗಲು ಓದಲು ಹೋಗಿ ಅರ್ಧಕ್ಕೇ ಬಿಟ್ಟು ಬಂದವನು. ಯಾಕೆ ಎಂದು ಕೇಳಿದವರಿಗೆಲ್ಲ "ಅಲ್ಲಿ ಸಾರಿಗೆ ಖಾರ ಆಕಾಕಿಲ್ಲ" ಎನ್ನುತ್ತಿದ್ದ. ಅಲ್ಲಿ ಕಲಿತ ಲ್ಯಾಟಿನ್ ಎಲ್ಲ ನಮ್ಮ ಎತ್ತುಗಳನ್ನು ಬಯ್ಯುವುದಕ್ಕೆ ಉಪಯೋಗವಾಯಿತು.

ಹಬ್ಬದ ಹಿಂದಿನ ಸಂಜೆ ಊರಿನ ಉಪದೇಶಿ ನಮ್ಮ ಜಗಲಿಯಲ್ಲಿ ಕೂತು ಸಂತರ ಚರಿತ್ರೆ ಓದುವುದು ವಾಡಿಕೆ. ಅವರೇ ಮಕ್ಕಳಿಗೆ ಜಪ ಕಲಿಸುತ್ತಿದ್ದವರು. ಒಳ್ಳೆಯ ಮನುಷ್ಯ, ಆದರೆ ರಕ್ತ ಹರಿಯುವ ಭಾಗ ಬಂದರೆ ಅವರ ದನಿ ಏರುತ್ತಿತ್ತು. ರಾಯಪ್ಪನನ್ನು ತಲೆಕೆಳಗು ಮಾಡಿ ಶಿಲುಬೆಗೆ ಜಡಿದರು. ಚಿನ್ನಪ್ಪನ ತಲೆ ಕಡಿದರು, ಆ ತಲೆ ನೆಲದ ಮೇಲೆ ಪುಟಿದು ಪುಟಿದು ಬಿದ್ದ ಕಡೆಯೆಲ್ಲ ನೀರಿನ ಬುಗ್ಗೆ ಎದ್ದಿತು. ನನಗಾಗ ಎಂಟೋ ಒಂಬತ್ತೋ. ನೀವೇ ಹೇಳಿ, ಆ ಹೆಸರಿನ ಇಬ್ಬರು ಮನೆಯಲ್ಲೇ ಇರುವಾಗ ಮಗು ಏನಂದುಕೊಳ್ಳಬೇಕು? ನಾನು ರಾತ್ರಿ ಊಟಕ್ಕೆ ಕೂತು ಚಿಕ್ಕಪ್ಪನ ಕುತ್ತಿಗೆಯನ್ನೇ ನೋಡುತ್ತಿದ್ದೆ. "ಏನ್ಲಾ ಅಂಗ್ ನೋಡ್ತಿದ್ದೀಯ, ಮುದ್ದೆ ನುಂಗು" ಎಂದು ಗದರುತ್ತಿದ್ದ. ಹೆಣ್ಣುಮಕ್ಕಳಿಗೂ ಅವನು 'ಲಾ' ಎನ್ನುತ್ತಿದ್ದ.

ಹಬ್ಬದ ಮಧ್ಯಾಹ್ನ ಹಿತ್ತಿಲ ಚಪ್ಪರದ ಕೆಳಗೆ ಗಂಡಸರ ಊಟದ ಸಾಲು ಕೂರುತ್ತಿತ್ತು. ಅದರಲ್ಲಿ ನಮ್ಮ ಮನೆಯವರ ಜೊತೆಗೆ ಕೆಳಗೇರಿಯವರೂ ಇರುತ್ತಿದ್ದರು. ಒಂದೇ ದೇವರು, ಒಂದೇ ಜ್ಞಾನಸ್ನಾನ ಎಂದು ಎಷ್ಟು ಹೇಳಿದರೂ ಆ ಕಾಲದ ನಮ್ಮ ಜನ ಗುಡಿಯೊಳಕ್ಕೆ ಬರುವಾಗ ಹಳೆಯ ಜಾತಿಯನ್ನು ಹೊರಗೆ ಬಿಟ್ಟು ಬರುತ್ತಿರಲಿಲ್ಲ. ಕೆಳಗೇರಿಯವರನ್ನು ಜೊತೆಗೆ ಕೂರಿಸಿಕೊಂಡು ಉಣ್ಣುವ ಮನೆ ನಮ್ಮೂರಲ್ಲಿ ನಮ್ಮದೊಂದೇ. ಅದಕ್ಕೆ ಕಾರಣ ಇನ್ನಾಸಪ್ಪ. ಅವನೂ ಅಪ್ಪನೂ ಚಿಕ್ಕಂದಿನಲ್ಲಿ ಒಟ್ಟಿಗೆ ದನ ಕಾಯ್ದವರು. ಒಮ್ಮೆ ಕೆರೆಯಲ್ಲಿ ಮುಳುಗುತ್ತಿದ್ದ ಅಪ್ಪನನ್ನು ಜುಟ್ಟು ಹಿಡಿದು ಎಳೆದು ಹಾಕಿದ್ದವನು ಅವನೇ. ಪ್ರತಿ ಹಬ್ಬಕ್ಕೂ ಅಪ್ಪನ ಎಲೆಯ ಪಕ್ಕದ ಎಲೆ ಇನ್ನಾಸಪ್ಪನದು. ಸಾಲಿಗೆ ಒಂದು ನಿಯಮವಿತ್ತು, ನಿಮ್ಮ ಮನೆಯಲ್ಲೂ ಇದ್ದೀತು. ಮನೆಯ ಹಿರಿಯ ತುತ್ತೆತ್ತದೆ ಯಾರೂ ಉಣ್ಣುವಂತಿಲ್ಲ, ಹಿರಿಯ ಎಲೆ ಮಡಿಚದೆ ಯಾರೂ ಏಳುವಂತಿಲ್ಲ.

ನಮ್ಮವ್ವ ನಾನು ಕೈಗೂಸಾಗಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ನಮ್ಮಕ್ಕ, ಲೂರ್ದಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುವುದರಲ್ಲೇ ಅವಳ ಮದುವೆಯ ವಯಸ್ಸು ದಾಟಿತ್ತು. ಅಪ್ಪ ಹೊಳೆನರಸೀಪುರದ ಕಡೆ ಕೇಳಿದ, ಚನ್ನರಾಯಪಟ್ಟಣದ ಕಡೆ ಕೇಳಿದ. ಎಲ್ಲೂ ಕೂಡಿಬರಲಿಲ್ಲ. ಕೊನೆಗೆ ಅರಕಲಗೂಡಿನಿಂದಾಚೆ, ಮಲ್ಲಿಪಟ್ಟಣದ ಹತ್ತಿರದ ಒಂದು ಮನೆಯವರು ಹುಡುಗಿ ನೋಡುತ್ತೇವೆ ಎಂದರು. ಹೊಲ ಗದ್ದೆ ಇದ್ದ ಕುಳ. ಅವರ ಊರಿನ ಗುಡಿಯಲ್ಲಿ ಕೆಳಗೇರಿಯವರು ಬಾಗಿಲ ಹತ್ತಿರವೇ ನಿಲ್ಲಬೇಕೆಂದು ಕಟ್ಟು ಮಾಡಿದವರು ಅವರೇ ಎಂದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಅಪ್ಪ ಒಪ್ಪಿದ್ದ. ಇದು ತಪ್ಪಿದರೆ ಇನ್ನಿಲ್ಲ ಎಂದು ಅಜ್ಜಿ ಬೆಳಗ್ಗೆ ಸಂಜೆ ಹೇಳುತ್ತಿದ್ದಳು.

ಅವರು ಆ ವರ್ಷದ ಹಬ್ಬ ಕಳೆದ ಮಾರನೆಯ ದಿನ ಬರಬೇಕಿತ್ತು. ಹಬ್ಬದ ದಿನವೇ ಬಂದುಬಿಟ್ಟರು. ಹಿತ್ತಿಲಲ್ಲಿ ಸಾಲು ಕೂತು ಅರ್ಧ ಊಟವಾಗಿತ್ತು. ಬೀದಿಬಾಗಿಲಲ್ಲಿ ಕಮಾನುಗಾಡಿ ನಿಂತ ಸದ್ದಾಯಿತು, ಅಜ್ಜಿ ಓಡಿ ಬಂದು ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ಎದ್ದ. ಮುರಿದ ಮುದ್ದೆ, ಸಾರು ಎಲ್ಲ ಎಲೆಯ ಮೇಲೆ ಹಾಗೇ ಇತ್ತು. ಕೈ ತೊಳೆದು, ಹೆಗಲ ಮೇಲೆ ಟವೆಲ್ ಸರಿಮಾಡಿಕೊಂಡು ಪಡಸಾಲೆಗೆ ಹೋದ.

ಪಡಸಾಲೆಗೂ ಹಿತ್ತಿಲಿಗೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಈ ಕಡೆ ಕೂತವರಿಗೆ ಆ ಕಡೆಯ ಮಾತೆಲ್ಲ ಕೇಳುತ್ತಿತ್ತು. ಗಂಡಿನ ತಂದೆ ಕೇಳಿದ: "ಊಟಕ್ಕೆ ಕುಂತಿದ್ರೇನೋ, ನಾವು ಬಂದು ಎಬ್ಬಿಸ್ಬುಟ್ವಾ?"

ಅಪ್ಪ ಹೇಳಿದ: "ಏ, ಇಲ್ಲ ಇಲ್ಲ. ಆಳುಗಳಿಗೆ ಊಟ ಇಕ್ಕಿಸ್ತಿದ್ದೆ."

ನಾನು ಅನ್ನದ ಪಾತ್ರೆ ಹಿಡಿದ ಅಕ್ಕನ ಹಿಂದೆ ನೀರಿನ ಚೊಂಬು ಹಿಡಿದು ನಿಂತಿದ್ದೆ. ಇನ್ನಾಸಪ್ಪನ ಕೈ ಬಾಯಿಯ ಹತ್ತಿರ ಹೋಗಿದ್ದದ್ದು ಕೆಳಗಿಳಿಯಿತು. ಅಕ್ಕ ಪಾತ್ರೆ ಕೆಳಗಿಟ್ಟಳು. ಅಜ್ಜಿ ಬಂದು ಅವಳನ್ನು ರೇಷ್ಮೆ ಸೀರೆ ಉಡಿಸಲು ಒಳಗೆ ಎಳೆದುಕೊಂಡು ಹೋದಳು.

ಆಮೇಲೆ ನಡೆದದ್ದು ನಗುವಂಥದ್ದೋ ಅಳುವಂಥದ್ದೋ ನನಗಿನ್ನೂ ತೀರ್ಮಾನವಾಗಿಲ್ಲ. ಅಪ್ಪ ಬೀಗರಾಗುವವರ ಜೊತೆ ಪಡಸಾಲೆಯಲ್ಲಿ ಇನ್ನೊಂದು ಊಟಕ್ಕೆ ಕೂತ. ಇಲ್ಲಿ ಸಾಲಿನವರು ಏಳುವಂತಿಲ್ಲ, ಹಿರಿಯನ ಎಲೆ ಮಡಿಚಿಲ್ಲ. ಸಾರು ಅಂಟಿದ ಬಲಗೈಯನ್ನು ಎತ್ತಿಕೊಂಡು ಅಷ್ಟೂ ಜನ ಗಂಡಸರು ಕೂತೇ ಇದ್ದರು. ಕೈ ಒಣಗಿ ಬೆರಳು ಬಿಗಿದವು. ನೊಣ ಮುತ್ತಿದವು. ಜಿನುಗು ಮಳೆ ಹಿಡಿದು ಚಪ್ಪರ ಸೋರತೊಡಗಿತು. ಆಳು ಎನ್ನಿಸಿಕೊಂಡ ಮೇಲೂ ಅವರು ಆ ಮನೆಯ ಮರ್ಯಾದೆ ಮುರಿಯಲಿಲ್ಲ.

ಕೊನೆಗೆ ಚಿಕ್ಕಪ್ಪನೇ ನಿಯಮ ಮುರಿದು ಎದ್ದು, ಎಂಜಲ ಕೈಯಲ್ಲೇ ಪಡಸಾಲೆಗೆ ಹೋಗಿ ಅಣ್ಣನ ಎದುರಿಗೆ ನಿಂತ. ತಮ್ಮ ಅಣ್ಣನೆದುರು ಬಾಯಿ ತೆರೆಯದ ಕಾಲ ಅದು.

"ಅಣ್ಣ, ನಿನ್ನ ಎಲೆ ಅಲ್ಲೇ ಐತೆ. ಸಾಲು ಏಳಂಗಿಲ್ಲ."

"ಎದ್ದೋಗ್ರಿ ಅಂತ ಏಳೋಗು" ಎಂದ ಅಪ್ಪ, ತಲೆ ಎತ್ತದೆ.

"ನಾ ಅಂಗ್ ಏಳಾಕಿಲ್ಲ. ಅಂತಿಯೋಕ್ಯ ಅನ್ನೋ ಊರಾಗೆ ಸಂತ ರಾಯಪ್ಪನೂ ಇಂಗೇ ಮಾಡಿದ್ದ. ಪರಜಾತಿಯೋರ ಜೊತೆ ಕುಂತು ಉಣ್ತಿದ್ದೋನು, ತನ್ನ ಜಾತಿ ದೊಡ್ಡೋರು ಬಂದ್ರು ಅಂತ ಎದ್ದೋದ. ಆಗ ಸಂತ ಚಿನ್ನಪ್ಪ ಎಲ್ರ ಎದುರಿಗೆ ಮುಖಕ್ಕೇ ಕೇಳ್ದ. ನಾನೂ ಕೇಳ್ತಾ ಇವ್ನಿ."

ಗಂಡಿನ ತಂದೆಯ ಕೈ ತಟ್ಟೆಯ ಮೇಲೇ ನಿಂತಿತು. ಅಜ್ಜಿ ಗರಬಡಿದವಳ ಹಾಗೆ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು. ಅವಳಿಗೆ ಮಕ್ಕಳು ಜಗಳಕ್ಕೆ ನಿಂತದ್ದಕ್ಕಿಂತ ದೊಡ್ಡ ಆಘಾತ ಬೇರೆಯೇ ಆಗಿತ್ತು. "ಸಂತರು ಜಗಳ ಆಡ್ತಾರೇನೋ, ಪಾಪಿ" ಎಂದಳು. ಪ್ರತಿ ವರ್ಷ ಚರಿತ್ರೆ ಕೇಳಿದ್ದಳಲ್ಲ, ತಲೆ ಪುಟಿದದ್ದು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಆಗ ಒಳಕೋಣೆಯಿಂದ ಅಕ್ಕ ಬಂದಳು. ರೇಷ್ಮೆ ಸೀರೆ ಉಟ್ಟಿದ್ದಳು, ಹೂ ಇನ್ನೂ ಮುಡಿದಿರಲಿಲ್ಲ. ಬೀಗರನ್ನು ದಾಟಿ ಹಿತ್ತಿಲಿಗೆ ಹೋದಳು, ಗಂಡಸರ ಸಾಲಿನಲ್ಲಿ, ಅಪ್ಪನ ಎಲೆಯ ಮುಂದೆ, ಇನ್ನಾಸಪ್ಪನ ಪಕ್ಕದಲ್ಲಿ ಕೂತಳು. ಬಾಗಿಲು ತೆರೆದೇ ಇತ್ತು, ಅವರೆಲ್ಲ ನೋಡುತ್ತಿದ್ದರು. ಆರಿ ಕಲ್ಲಾಗಿದ್ದ ಮುದ್ದೆಯನ್ನು ಒಂದು ಚೂರೂ ಬಿಡದೆ ಉಂಡಳು. ಎಲೆ ಮಡಿಚಿದಳು. ಆಮೇಲೆ ಹೇಳಿದಳು: "ಏಳಿ ಮಾವ. ಊಟ ಆಯ್ತು."

ಸಾಲು ಎದ್ದಿತು. ಆ ಕಡೆ ಪಡಸಾಲೆಯಲ್ಲಿ ಅವರೂ ಎದ್ದರು. ಗಾಡಿ ಕಟ್ಟಿಸಿಕೊಂಡು ಹೋದವರು ಮತ್ತೆ ಈ ಕಡೆ ತಿರುಗಿ ನೋಡಲಿಲ್ಲ.

ಅಜ್ಜಿ ಸಂಜೆಯೇ ಗುಡಿಯ ಸ್ವಾಮಿಯವರ ಹತ್ತಿರ ಹೋಗಿ ವಿಚಾರಿಸಿದಳಂತೆ. ಹೌದು, ಹಾಗೆ ನಡೆದದ್ದು ನಿಜ ಎಂದರಂತೆ ಅವರು. ಚಿನ್ನಪ್ಪನ ಮಾತಿಗೆ ರಾಯಪ್ಪ ಏನು ಹೇಳಿದ ಎಂದು ಕೇಳಿದಳಂತೆ. ಅದನ್ನು ಎಲ್ಲೂ ಬರೆದಿಲ್ಲ ಎಂದರಂತೆ. ಮನೆಗೆ ಬಂದು ಕಾಲು ತೊಳೆಯುತ್ತಾ ಗೊಣಗಿದಳು: "ಏನ್ ಏಳ್ತಾನೆ. ತೆಪ್ಪಗೆ ಇದ್ದಿರ್ತಾನೆ. ಗಂಡಸ್ರು ತಪ್ಪು ಸಿಕ್ಕಾಕೊಂಡಾಗ ಅಂಗೇ ತಾನೆ."

ನಮ್ಮ ರಾಯಪ್ಪನೂ ತೆಪ್ಪಗೇ ಇದ್ದ. ಅಕ್ಕನ ಜೊತೆ ಮಾತು ಬಿಟ್ಟ, ತಮ್ಮನ ಜೊತೆಯೂ ಬಿಟ್ಟ. ಇನ್ನಾಸಪ್ಪ ನಮ್ಮ ಬೀದಿಗೆ ಬರುವುದನ್ನೇ ನಿಲ್ಲಿಸಿದ. ಮುಂದಿನ ವರ್ಷದ ಹಬ್ಬಕ್ಕೆ ಅಪ್ಪ ಯಾರಿಗೂ ಹೇಳದೆ ಕೆಳಗೇರಿಗೆ ತಾನೇ ಹೋಗಿ ಕರೆದು ಬಂದ. ಇನ್ನಾಸಪ್ಪ ಬಂದ, ಆದರೆ ಸಾಲಿನಲ್ಲಿ ಕೂರಲಿಲ್ಲ. ಅಪ್ಪನ ಪಕ್ಕದ ಎಲೆಗೆ ಮುದ್ದೆ ಬಡಿಸಿಯಾಗಿತ್ತು.

"ಕುಂತ್ಕೊಳೋ" ಎಂದ ಅಪ್ಪ.

"ನೀವು ಉಣ್ಣಿ ಬುದ್ಧಿ. ನನ್ನ ಜೊತೇಲಿ ಉಂಡಿದ್ದು ಆ ಕೂಸು. ಅದು ಎಲ್ಲಿ ಉಂಟದೋ ಅಲ್ಲೇ ನಾನೂ ಉಂಟೀನಿ" ಎಂದು ಇನ್ನಾಸಪ್ಪ ಹೆಂಗಸರು ಕೊನೆಗೆ ಉಣ್ಣುವ ಅಡುಗೆಮನೆ ಹೊಸ್ತಿಲಿನ ಹತ್ತಿರ ಹೋಗಿ ಕೂತ. ಹುಟ್ಟಿದಂದಿನಿಂದ 'ಲೇ ರಾಯಾ' ಎನ್ನುತ್ತಿದ್ದವನ ಬಾಯಲ್ಲಿ ಆಳುಗಳು ಧಣಿಗೆ ಹೇಳುವ 'ಬುದ್ಧಿ' ಕೇಳಿ ಅಪ್ಪನ ಮುಖ ಸುಣ್ಣದ ಹಾಗಾಯಿತು. ತುಂಬ ಹೊತ್ತು ತುತ್ತೆತ್ತಲಿಲ್ಲ, ಸಾಲೂ ಕಾದಿತ್ತು. ಆಮೇಲೆ ಅಪ್ಪ ತನ್ನ ಎಲೆಯನ್ನು ಸಾರು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಯ ಕಡೆಗೆ ನಡೆದ. ಹೊಸ್ತಿಲ ಹತ್ತಿರ, ಅಕ್ಕ ಮತ್ತು ಇನ್ನಾಸಪ್ಪನ ಎದುರಿಗೆ ಕೂತು, ತಲೆ ಬಗ್ಗಿಸಿಕೊಂಡು ಉಂಡ. ಗಂಡಸರು ಅಡುಗೆಮನೆಯಲ್ಲಿ ಉಣ್ಣುವುದನ್ನು ಅಜ್ಜಿ ಅಂದೇ ಮೊದಲು ನೋಡಿದ್ದು, ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು.

ಇದಿಷ್ಟನ್ನೂ ಎಲೆ ಒರೆಸುತ್ತಾ ಮೊಮ್ಮಗಳಿಗೆ ಹೇಳಿದೆ. ಚಿಕ್ಕಪ್ಪ ಮುಖಕ್ಕೇ ಕೇಳಿದ ಭಾಗವನ್ನು ಸ್ವಲ್ಪ ದನಿ ಏರಿಸಿಯೇ ಹೇಳಿದೆ. ನಮ್ಮ ಮನೆತನದಲ್ಲಿ ಹೆಮ್ಮೆಪಡುವಂಥ ಮಾತು ಇರುವುದು ಅದೊಂದೇ.

"ದೊಡ್ಡಜ್ಜಿಗೆ ಆಮೇಲೆ ಮದುವೆ ಆಗ್ಲೇ ಇಲ್ವಾ?" ಎಂದು ಕೇಳಿದಳು ಮೊಮ್ಮಗಳು.

"ಇಲ್ಲ. ನನ್ನ ಮದುವೆ ಮಾಡಿದ್ದೇ ಅವಳು. ಕೊನೆಗೆ ನನ್ನ ಮನೆಯಲ್ಲೇ ತೀರಿಕೊಂಡಳು."

ಅವಳು ಒರೆಸಿದ ಎಲೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. "ಅಲ್ಲ ಅಜ್ಜಿ, ಅಷ್ಟು ಜನ ಏಳೋದಕ್ಕೆ ಬೇಕಾಗಿದ್ದು ಆ ಎಲೆ ಮಡಿಚೋದು ತಾನೆ. ನಿಮ್ಮಪ್ಪ ಎದ್ದು ಹೋದ ಮೇಲೆ ಮನೆಗೆ ಹಿರಿಯ ಅಂತ ಸಾಲಿನಲ್ಲಿದ್ದಿದ್ದು ನಿಮ್ಮ ಚಿಕ್ಕಪ್ಪನೇ ಅಲ್ವಾ? ಅವರೇ ಸುಮ್ನೆ ಆ ಎಲೆ ಮಡಿಚಿಬಿಡಬಹುದಿತ್ತಲ್ಲ. ಅದೇನೋ ಸಂತರ ಮಾತು ಬೀಗರೆದುರಿಗೇ ಯಾಕೆ ಆಡಬೇಕಾಗಿತ್ತು? ರಾತ್ರಿ ಆಡಬಹುದಿತ್ತು."

ಜೀವಮಾನವಿಡೀ ಈ ಕಥೆ ಹೇಳಿದ್ದೇನೆ, ಕಂಡಕಂಡವರಿಗೆಲ್ಲ ಹೇಳಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ಚಿಕ್ಕಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅಷ್ಟು ಓದಿದವನಿಗೆ ಪಕ್ಕದಲ್ಲೇ ಇದ್ದ ಎಲೆ ಕಾಣಲಿಲ್ಲ, ಬಾಯಿಗೆ ಬಂದ ನ್ಯಾಯ ಕಂಡಿತು. ಅದರ ಬೆಲೆ ತೆತ್ತವಳು ಅಕ್ಕ. ಅವನಿಗೆ ಮದುವೆಯಾಯಿತು, ಮಕ್ಕಳಾದವು. ಈಗ ನೆನಪಾಗುತ್ತದೆ, ಮಕ್ಕಳು ನಾವು ಆ ದಿನದ ಮಾತು ಎತ್ತಿದಾಗಲೆಲ್ಲ ಚಿಕ್ಕಪ್ಪ ದನ ನೋಡುವ ನೆಪ ಮಾಡಿ ಕೊಟ್ಟಿಗೆಗೆ ಹೋಗುತ್ತಿದ್ದ. ಅಕ್ಕ ನೀರು ಕೊಟ್ಟರೆ ಅವಳ ಮುಖ ನೋಡದೆ ಚೊಂಬು ತೆಗೆದುಕೊಳ್ಳುತ್ತಿದ್ದ. ವಿನಯ ಎಂದುಕೊಂಡಿದ್ದೆ ನಾನು.

"ಮಡಿಚಬಹುದಿತ್ತು ಮಗಾ" ಎಂದೆ. "ಯಾರಿಗೂ ಹೊಳೀಲಿಲ್ಲ."

"ದೊಡ್ಡಜ್ಜಿಗೆ ಹೊಳೀತಲ್ಲ" ಎಂದಳು ಮೊಮ್ಮಗಳು.